ಬಾಯಿ ಬಿಡದ ಕಾರು

ಹರಿಹರ ಮೇಷ್ಟ್ರು ಕೊಪ್ಪದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದರು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅವರು ಆಡುತ್ತಿದ್ದ ಮೊದಲ ಮಾತು ಪೇಟೆಯ ಅರ್ಧ ಜನಕ್ಕೆ ಬಾಯಿಪಾಠವಾಗಿತ್ತು. ಆ ಅರ್ಧ ಜನ ಅವರ ಶಿಷ್ಯರೇ ತಾನೆ. "ಈ ಲೋಕದಲ್ಲಿ ಯಾವ ವಸ್ತುವೂ ನಾಶವಾಗುವುದಿಲ್ಲ. ಇಲ್ಲಿಲ್ಲ ಅಂದರೆ ಇನ್ನೆಲ್ಲೋ ಇದೆ ಅಂತ ಅರ್ಥ." ಈ ನಿಯಮಕ್ಕೆ ಅವರ ಕನ್ನಡಕವೇ ಸಾಕ್ಷಿ. ಅದು ಯಾವಾಗಲೂ ಇನ್ನೆಲ್ಲೋ ಇರುತ್ತಿತ್ತು.

ಮೇಷ್ಟ್ರಿಗೆ ಪ್ರೀತಿಯ ವಸ್ತುಗಳು ಎರಡು: ಒಂದು ಎಲೆಯಡಿಕೆಯ ಕವಳ, ಇನ್ನೊಂದು ಹೋದ ವರ್ಷ ಕೊಂಡ ಬಿಳಿ ಬಣ್ಣದ ಎಲೆಕ್ಟ್ರಿಕ್ ಕಾರು. ಹೆಂಡತಿ ಸುಬ್ಬಲಕ್ಷ್ಮಿಯವರನ್ನು ಇವುಗಳ ಜೊತೆ ಸೇರಿಸದಿರುವುದಕ್ಕೆ ಯಾರೂ ತಪ್ಪು ತಿಳಿಯಬಾರದು. ಅವರು ಭಯದ ವಿಭಾಗಕ್ಕೆ ಸೇರಿದವರು.

ಕವಳದ ವಿಷಯದಲ್ಲಿ ಆ ಮನೆಯಲ್ಲಿ ಒಂದು ಯುದ್ಧವೇ ನಡೆದು ಮುಗಿದಿತ್ತು. ವೀಳ್ಯದೆಲೆಗೆ ಸುಣ್ಣ ಸವರಿದ ಮೇಲೆ ತೋರುಬೆರಳಿನ ತುದಿಯಲ್ಲಿ ಒಂದಿಷ್ಟು ಸುಣ್ಣ ಉಳಿಯುತ್ತದೆ. ಅದನ್ನು ಹತ್ತಿರದ ಕಂಬಕ್ಕೆ ಒರೆಸುವುದು ನಮ್ಮ ಕಡೆಯ ಗಂಡಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ಈ ಕೆಲಸಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಕೈ ತಾನಾಗಿ ಹೋಗುತ್ತದೆ, ಒರೆಸುತ್ತದೆ, ವಾಪಸು ಬರುತ್ತದೆ. ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದ ದಿನ ಸುಬ್ಬಲಕ್ಷ್ಮಿ ಜಗುಲಿಯಲ್ಲಿ ನಿಂತು ಘೋಷಿಸಿದ್ದರು.

"ಇನ್ನು ಈ ಕಂಬಕ್ಕೆ ಒಂದು ಸುಣ್ಣದ ಗೆರೆ ಬಿದ್ರೆ ಮನೆಯಲ್ಲಿ ನಿಮ್ಮ ಕವಳವೂ ಇಲ್ಲ, ಕಾಫಿಯೂ ಇಲ್ಲ."

ಅಂದಿನಿಂದ ಕಂಬಕ್ಕೆ ಒಂದೇ ಒಂದು ಗೆರೆ ಬೀಳಲಿಲ್ಲ. "ಗಂಡಸರನ್ನು ತಿದ್ದಬಹುದು ಗಿರಿಯಮ್ಮ, ಬಣ್ಣ ಹಸಿ ಇರುವಾಗಲೇ ಹೇಳಬೇಕು ಅಷ್ಟೆ" ಎಂದು ಅವರು ಪಕ್ಕದ ಮನೆಯ ಗಿರಿಯಮ್ಮನಿಗೆ ಹೇಳಿದರು. ಗಿರಿಯಮ್ಮ ತನ್ನ ಗಂಡ ತಿಮ್ಮಪ್ಪನ ಕಡೆ ನೋಡಿ, ಬಣ್ಣ ಒಣಗಿ ಬಹಳ ಕಾಲವಾಯಿತು ಎಂಬಂತೆ ನಿಟ್ಟುಸಿರು ಬಿಟ್ಟಳು.

ಇನ್ನು ಕಾರು. ಅದರ ಎಡಗಡೆ, ಮುಂದಿನ ಚಕ್ರದ ಮೇಲೆ, ಅಂಗೈಯಗಲದ ಒಂದು ಬಾಗಿಲು. ಒತ್ತಿದರೆ ಒಳಗಿರುವ ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟರು 'ಗುರ್' ಎಂದು ಅದನ್ನು ತೆರೆಯುತ್ತದೆ. ಆಗ ಚಾರ್ಜಿನ ಪ್ಲಗ್ಗು ಚುಚ್ಚಬೇಕು. ಆ ಮೋಟರಿಗೆ ಆಕ್ಚುವೇಟರ್ ಎಂದು ಹೆಸರು. ಮೇಷ್ಟ್ರು ಬೀದಿಯವರನ್ನೆಲ್ಲ ಕರೆದು ಬಾಗಿಲು ತೆರೆಸಿ ಮುಚ್ಚಿಸಿ ತೋರಿಸಿದ್ದರಿಂದ, ತಿಮ್ಮಪ್ಪನಿಗೆ ತನ್ನ ಮೊಮ್ಮಗಳ ಹೆಸರಿಗಿಂತ ಆಕ್ಚುವೇಟರ್ ಬೇಗ ಬಾಯಿಗೆ ಬರುತ್ತಿತ್ತು. ದಿನಾ ಸಂಜೆ ಚಾರ್ಜು ಮುಗಿದ ಮೇಲೆ ಮೇಷ್ಟ್ರು ಆ ಬಾಗಿಲನ್ನು ಒತ್ತಿ ಮುಚ್ಚಿ, ಕಾರಿಗೆ ಒರಗಿ, ಒಂದು ಕವಳ ಹಾಕುತ್ತಿದ್ದರು. ಅದು ಅವರ ಸಂಧ್ಯಾವಂದನೆ.

ಈ ವೈಭವವನ್ನು ಸಹಿಸದವನು ಒಬ್ಬನೇ, ಸುಬ್ಬಲಕ್ಷ್ಮಿಯ ತಮ್ಮ ಪ್ರಶಾಂತ. ಬಸರೀಕಟ್ಟೆಯಲ್ಲಿ ಕಾಫಿ ತೋಟ, ಡೀಸೆಲ್ ಜೀಪು. ಜೀಪಿನ ಎಡಬಾಗಿಲು ತೆರೆಯದೆ ಎಷ್ಟೋ ವರ್ಷವಾಗಿತ್ತು. ಬಂದವರೆಲ್ಲ ಡ್ರೈವರ್ ಸೀಟು ಹತ್ತಿ, ಗೇರಿನ ಕೋಲು ದಾಟಿ, ಪಂಚೆ ಎತ್ತಿಕೊಂಡು ಆಚೆ ಹೋಗಬೇಕು. ಬಾಯಿತುಂಬ ಕವಳವಿಟ್ಟುಕೊಂಡು ಪ್ರಶಾಂತ ಹೇಳುತ್ತಿದ್ದ: "ನನ್ನ ಜೀಪಿಂದು ತೆರೆಯಲ್ಲ. ನಾನೇನು ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ನ? ನಿಮ್ಮದು ನೋಡಿ ಭಾವ, ಬಾಗಿಲು ತೆರೆಯಕ್ಕೆ ಮೋಟರು, ಮೋಟರಿಗೆ ಕರೆಂಟು, ಕರೆಂಟು ಬರಕ್ಕೆ ಬಾಗಿಲು! ಇದೆಂಥ ಸಂಸಾರ ಮಾರಾಯ್ರೆ?"

ಅವನ ಮಗಳು ಶ್ರೀವಾಣಿಯ ಮದುವೆ ಶೃಂಗೇರಿಯಲ್ಲಿ ನಿಶ್ಚಯವಾಯಿತು. ಆ ಹುಡುಗಿಗೆ ಡೀಸೆಲ್ ವಾಸನೆ ಆಗುವುದಿಲ್ಲ. ಮೊದಲ ತಿರುವಿಗೆ ಮುಖ ಹಸಿರಾಗುತ್ತದೆ, ಎರಡನೆಯ ತಿರುವಿಗೆ ಜೀಪು ನಿಲ್ಲಿಸಬೇಕು. ಬಸರೀಕಟ್ಟೆಯಿಂದ ಶೃಂಗೇರಿಗೆ ತಿರುವುಗಳಿಗೇನೂ ಬರವಿಲ್ಲ. "ಮಾವ, ನಾನು ನಿಮ್ಮ ಕಾರಲ್ಲೇ ಬರೋದು. ಅಪ್ಪನ ಜೀಪಲ್ಲಿ ಬಂದ್ರೆ ಧಾರೆ ಹೊತ್ತಿಗೆ ನನ್ನ ಮುಖ ನೋಡಿ ಗಂಡಿನ ಕಡೆಯವರು ವಾಪಸು ಹೋಗ್ತಾರೆ" ಎಂದು ನಿಶ್ಚಿತಾರ್ಥದ ದಿನವೇ ಹೇಳಿದ್ದಳು.

"ಹೊಗೆ ಇಲ್ಲ, ಸದ್ದಿಲ್ಲ, ವಾಂತಿ ಇಲ್ಲ" ಎಂದು ಮೇಷ್ಟ್ರು ತುಂಬಿದ ಪಂಕ್ತಿಯಲ್ಲಿ ಸಾರಿದರು.

"ಕಾರು ಬರದೇ ಹೋದ್ರೆ?" ಎಂದ ಪ್ರಶಾಂತ.

"ಬರದೇ ಹೋದರೆ ಅದನ್ನು ಕೆರೆಗೆ ನೂಕ್ತೇನೆ!"

ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿನಲ್ಲಿ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ. ಆದರೆ ಕೇಳಿದವರಿಗೆ ಅದು ಜೀರ್ಣವಾಗುವುದಿಲ್ಲ.

ಮದುವೆ ಭಾನುವಾರ. ಗುರುವಾರ ಸಂಜೆ ಮೇಷ್ಟ್ರು ನರಸಿಂಹರಾಜಪುರದ ನೆಂಟರಿಗೆಲ್ಲ ಮಂತ್ರಾಕ್ಷತೆ ಹಂಚಿ, ಬ್ಯಾಟರಿ ಬರಿದಾದ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಬಾಗಿಲನ್ನು ಒತ್ತಿದರು. ಒಳಗೆ 'ಗುರ್' ಎಂದಿತು. 'ಗುರ್ರ್' ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಬೀದಿ ಸೇರಿತು. ತಿಮ್ಮಪ್ಪ ಬಾಗಿಲ ಸುತ್ತ ಕೈಯಾಡಿಸಿ, "ಹಸು ಬಾಯಿ ಬಿಡದಿದ್ರೆ ದವಡೆ ಮೂಲೆಗೆ ಬೆರಳು ಹಾಕ್ತೇವೆ ಮೇಷ್ಟ್ರೆ, ಇದಕ್ಕೆ ದವಡೆ ಎಲ್ಲಿ?" ಎಂದ. ಗಿರಿಯಮ್ಮ ಮಾತ್ರ ಇದು ಯಂತ್ರದ ಕೆಲಸವೇ ಅಲ್ಲ, ದೃಷ್ಟಿ ಎಂದು ತೀರ್ಮಾನಿಸಿ, ಎರಡು ನಿಂಬೆಹಣ್ಣು ತಂದು ದಾರದಲ್ಲಿ ಪೋಣಿಸಿ ಕಾರಿನ ಕನ್ನಡಿಗೆ ಕಟ್ಟಿದಳು. "ಇಷ್ಟು ಜನಕ್ಕೆ ತೋರಿಸಬಾರ್ದಿತ್ತು ನೀವು. ನಾನೇ ನಾಲ್ಕು ಸಲ ನೋಡಿದೀನಿ."

ಮೇಷ್ಟ್ರು ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರು. ಹೊಸ ಆಕ್ಚುವೇಟರ್ ಮರುದಿನದ ಬಸ್ಸಿನಲ್ಲಿ ಬಂತು. ಆದರೆ ಕಂಡಕ್ಟರ್ ಕೊಪ್ಪದಲ್ಲಿ ಇಳಿಸಲು ಮರೆತದ್ದರಿಂದ, ಅದು ಮದುಮಗಳಿಗಿಂತ ಮೊದಲೇ ಶೃಂಗೇರಿಗೆ ಹೋಗಿ ಬಂತು. ಅದರ ಹಿಂದೆಯೇ ಬೈಕಿನಲ್ಲಿ ಮೆಕ್ಯಾನಿಕ್ ರಾಕೇಶ ಬಂದ. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಲ್ಯಾಪ್‌ಟಾಪು. ಅವನಿಗೆ ನಂಬಿಕೆ ಇದ್ದದ್ದು ಎರಡನೆಯದರ ಮೇಲೆ.

ಚಕ್ರದ ಒಳಗಿನ ಹೊದಿಕೆ ಬಿಚ್ಚಿ, ತಲೆ ತೂರಿಸಿ, ಹಳೆಯ ಆಕ್ಚುವೇಟರನ್ನು ಹೊರಗೆಳೆದು ಮೂಸಿ ನೋಡಿದ. "ಸುಟ್ಟೋಗಿದೆ ಸಾರ್. ಯಾವುದನ್ನೋ ತಳ್ಳಿ ತಳ್ಳಿ ಸತ್ತಿದೆ." ಹೊಸದನ್ನು ಕೂರಿಸಿ ವೈರು ಚುಚ್ಚಿ, "ಒತ್ತಿ ಸಾರ್" ಎಂದ.

ಮೇಷ್ಟ್ರು ಒತ್ತಿದರು. 'ಗುರ್.' ಆಮೇಲೆ ಮೌನ.

ರಾಕೇಶ ಲ್ಯಾಪ್‌ಟಾಪ್ ನೋಡಿದ. "ಇದರ ಪ್ರಕಾರ ಬಾಗಿಲು ತೆರೆದಿದೆ."

"ಕಣ್ಣಿನ ಪ್ರಕಾರ ಮುಚ್ಚಿದೆಯಲ್ಲ ಮಾರಾಯ?"

"ಕಣ್ಣಿಗೆ ಅಪ್‌ಡೇಟ್ ಬರಲ್ಲ ಸಾರ್."

ಕೊನೆಗೆ ಲ್ಯಾಪ್‌ಟಾಪನ್ನು ಬದಿಗಿಟ್ಟು, ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಬಾಗಿಲ ಸಂದಿಗೆ ತೂರಿಸಿ ಮೀಟಿದ. 'ಪಟಕ್' ಎಂದು ಬಾಗಿಲು ತೆರೆಯಿತು. ತೆರೆದ ಸಂದಿಯಿಂದ ಬಿಳಿಯ ಹಕ್ಕಳೆಗಳು ಉದುರಿ ಅಂಗಳದಲ್ಲಿ ಬಿದ್ದವು.

ಇಲ್ಲಿ ಪ್ಲಗ್ಗು ಚುಚ್ಚಿದ್ದರೆ ಕಥೆ ಮುಗಿದು ಎಲ್ಲರೂ ಮದುವೆ ಊಟಕ್ಕೆ ಹೋಗಬಹುದಿತ್ತು. ಆದರೆ ಮೇಷ್ಟ್ರು ವಿಜ್ಞಾನಿ.

"ಕೈ ತೆಗಿ!" ಎಂದು ಕೂಗಿದರು. "ಇದೆಂಥದು ಬಿಳಿ?"

"ಧೂಳು ಸಾರ್."

"ಧೂಳು ಬಿಳಿ ಇರುತ್ತದಾ? ನಮ್ಮ ಕೊಪ್ಪದ ಧೂಳು ಕೆಂಪು."

ಇದನ್ನು ಅಲ್ಲಿದ್ದ ಯಾರೂ ಅಲ್ಲಗಳೆಯಲಾಗಲಿಲ್ಲ. ಮೇಷ್ಟ್ರು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿ ಪ್ರಯೋಗಾಲಯದಿಂದ ಆಮ್ಲ-ಕ್ಷಾರ ಪರೀಕ್ಷಿಸುವ ದ್ರಾವಣದ ಒಂದು ಸೀಸೆ ತಂದರು. ಬಿಳಿ ಹಕ್ಕಳೆಯನ್ನು ಬಟ್ಟಲಲ್ಲಿ ನೀರಿಗೆ ಹಾಕಿ, ಸೀಸೆಯಿಂದ ಎರಡು ಹನಿ ಬಿಟ್ಟರು. ನೀರು ದಾಸವಾಳದ ಬಣ್ಣಕ್ಕೆ ತಿರುಗಿತು. ಬೀದಿಯವರು "ಅಬ್ಬ!" ಎಂದರು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಕ್ಷಾರ! ಪ್ರಬಲ ಕ್ಷಾರ! ಎಲೆಕ್ಟ್ರಿಕ್ ಕಾರಿನಲ್ಲಿ ಕ್ಷಾರ ಅಂದರೆ ಒಂದೇ, ಲಿಥಿಯಂ ಹೈಡ್ರಾಕ್ಸೈಡ್! ಬ್ಯಾಟರಿ ಸೋರ್ತಾ ಇದೆ!"

ಪರೀಕ್ಷೆಯಲ್ಲಿ ಯಾವನಾದರೂ ವಿದ್ಯಾರ್ಥಿ ಹೀಗೆ ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಹಾರಿದ್ದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ತಮಗೆ ಮಾತ್ರ ಪೂರ್ಣ ಅಂಕ ಕೊಟ್ಟುಕೊಂಡರು.

"ಸಾರ್, ಬ್ಯಾಟರಿ ಇರೋದು ಕಾರಿನ ಅಡಿಯಲ್ಲಿ. ಇದು ಇಲ್ಲಿ, ಮೇಲೆ" ಎಂದ ರಾಕೇಶ.

"ಸೋರುವುದಕ್ಕೆ ದಾರಿ ನೀನು ತೋರಿಸಬೇಕಾ?"

ರಾಕೇಶ ಬಾಗಿಲನ್ನು ಒತ್ತಿ ಮುಚ್ಚಿ, ಹೊದಿಕೆಯನ್ನು ವಾಪಸು ಸಿಕ್ಕಿಸಿ, ಚೀಲ ಕಟ್ಟಿದ. "ಲಿಥಿಯಂ ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಸಾರ್. ನಾನು ಬಾಗಿಲು ಅಷ್ಟೆ." ಬೈಕು ತಿರುವಿನಲ್ಲಿ ಮಾಯವಾಯಿತು.

ಸುದ್ದಿ ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಬೆಳೆದು ದೊಡ್ಡದಾಗಿತ್ತು. ಗಿರಿಯಮ್ಮನ ಮಂಡಿನೋವು, ಎದುರು ಮನೆಯ ಟೀವಿಯ ಗೆರೆ, ಎಲ್ಲದಕ್ಕೂ ಒಂದೇ ಕಾರಣ ಸಿಕ್ಕಿತು. ತಿಮ್ಮಪ್ಪ ಹಸುಗಳನ್ನು ಬಿಚ್ಚಿಕೊಂಡು ತಮ್ಮನ ಕೊಟ್ಟಿಗೆಗೆ ಹೊರಟ. ಹೋಗುವ ಮುನ್ನ, "ಬೆಳಿಗ್ಗೆ ಕರೆದ ಹಾಲು ಕುಡಿಬಹುದಾ ಮೇಷ್ಟ್ರೆ?" ಎಂದು ಕೇಳಿದ.

"ನೀವು ಕುಡಿದಿರಾ?"

"ಇಲ್ಲ. ನಿಮ್ಮ ಮನೆಗೇ ಕೊಟ್ಟಿದ್ದು."

ಮೇಷ್ಟ್ರು ಬೆಳಗಿನ ಕಾಫಿಯನ್ನು ನೆನೆದು ಹೊಟ್ಟೆ ಹಿಡಿದುಕೊಂಡರು.

ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ದರಿಂದ ಅಗ್ನಿಶಾಮಕ ದಳದ ಗಾಡಿ ಬಂತು. ಅದರಿಂದ ಇಳಿದ ಅಧಿಕಾರಿ ಕರಿಯಣ್ಣ ಮೇಷ್ಟ್ರ ಹಳೆಯ ಶಿಷ್ಯ. ಎಲೆಕ್ಟ್ರಿಕ್ ಗಾಡಿಗಳ ಬೆಂಕಿಯ ಬಗ್ಗೆ ಆಗಷ್ಟೇ ತರಬೇತಿ ಮುಗಿಸಿ ಬಂದಿದ್ದ. ಕಲಿತದ್ದನ್ನು ಪ್ರಯೋಗ ಮಾಡಲು ತಾಲೂಕಿನಲ್ಲಿ ಒಂದೂ ಕಾರು ಹತ್ತಿಕೊಳ್ಳುತ್ತಿಲ್ಲವಲ್ಲ ಎಂಬ ಕೊರಗು ಅವನ ಮುಖದಲ್ಲಿತ್ತು. ಈಗ ಆ ಮುಖ ಅರಳಿತು.

"ಸಾರ್, ನೀವೇ ಹೇಳಿದ ಮೇಲೆ ನಾನು ಇನ್ನೊಂದು ಸಲ ಟೆಸ್ಟ್ ಮಾಡೋ ಪ್ರಶ್ನೆಯೇ ಇಲ್ಲ. ನಿಮ್ಮ ಸಬ್ಜೆಕ್ಟಲ್ಲೇ ನಾನು ಎರಡು ಸಲ ಫೇಲಾದವನು. ಲಿಥಿಯಂ ಅಂದ್ರೆ ಹೊರಗಿಂದ ನೀರು ಹಾಕಿದ್ರೂ ಉರಿತದೆ, ಹಾಕದಿದ್ರೂ ಉರಿತದೆ. ಇಡೀ ಗಾಡಿಯನ್ನು ಮುಳುಗಿಸಬೇಕು."

"ಮುಳುಗಿಸೋದು ಅಂದ್ರೆ?"

"ಕೆರೆಗೆ."

ಅದೇ ಹೊತ್ತಿಗೆ ಬಾಳೆಹೊನ್ನೂರಿನಲ್ಲಿ ಮದುವೆಯ ಸಾಮಾನು ಕೊಂಡು, ಅಕ್ಕನನ್ನು ಮಾತಾಡಿಸಿಕೊಂಡು ಹೋಗೋಣವೆಂದು ಪ್ರಶಾಂತ ಜೀಪಿನಲ್ಲಿ ಬಂದಿಳಿದ. ಕೊನೆಯ ಪದ ಮಾತ್ರ ಅವನ ಕಿವಿಗೆ ಬಿತ್ತು.

"ಕೆರೆಗಾ? ಭಾವ, ನಾನು ಎಂಥದೋ ತಮಾಷೆಗೆ ಕೇಳಿದ್ದು. ನೀವು ಇಷ್ಟು ಮಾತಿನ ಮನುಷ್ಯರು ಅಂತ ಗೊತ್ತಿರಲಿಲ್ಲ!" ಎಂದು ಆನಂದದಿಂದ ಹಗ್ಗ ತೆಗೆದ. ಸಮಾಚಾರ ಪೂರ್ತಿ ಕೇಳಿದ ಮೇಲೆ ಅವನ ಆನಂದ ಸ್ವಲ್ಪ ಇಳಿಯಿತು, ಹಗ್ಗ ಇಳಿಯಲಿಲ್ಲ.

ಒಳಗಿನಿಂದ ಸುಬ್ಬಲಕ್ಷ್ಮಿ ಬಂದರು. "ಕಾರು ಹೋದ್ರೆ ಹೋಗ್ಲಿ. ಶ್ರೀವಾಣಿ ಹೇಗೆ ಹೋಗ್ತಾಳೆ?"

ಮದುವೆಯ ಮುನ್ನಾದಿನಗಳಲ್ಲಿ ಬಾಡಿಗೆ ಕಾರು ಸಿಗುವ ಊರಲ್ಲ ಅದು. ಇದ್ದಬದ್ದ ಕಾರುಗಳೆಲ್ಲ ಬೇರೆ ಬೇರೆ ದಿಬ್ಬಣಗಳಿಗೆ ಮೊದಲೇ ನಿಕ್ಕಿಯಾಗಿದ್ದವು. ಪ್ರಶಾಂತ ತನ್ನ ಜೀಪನ್ನು ನೋಡಿದ. ಜೀಪು ಸಣ್ಣಗೆ ಹೊಗೆ ಬಿಟ್ಟಿತು.

ಕತ್ತಲಾದದ್ದರಿಂದ ಆ ಕೆಲಸ ಮರುದಿನಕ್ಕೆ ಹೋಯಿತು. ಶನಿವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಪ್ರಶಾಂತನ ಜೀಪು, ಹಗ್ಗದ ಕೊನೆಗೆ ಮೇಷ್ಟ್ರ ಕಾರು, ಹಿಂದೆ ಕೆಂಪು ಗಾಡಿ, ಅದರ ಹಿಂದೆ ಊರು. ಕನ್ನಡಿಯಲ್ಲಿ ಗಿರಿಯಮ್ಮನ ನಿಂಬೆಹಣ್ಣು ತೂಗುತ್ತಿತ್ತು. ಎದುರು ಬಂದವರು ಮದುವೆ ದಿಬ್ಬಣವೆಂದು ತಿಳಿದು ದಾರಿ ಬಿಟ್ಟರು. ಒಬ್ಬರು ಕೈಯನ್ನೂ ಮುಗಿದರು.

ಕೆರೆ ಏರಿಯ ಮೇಲೆ ಜೀಪು ನಿಂತಿತು. ಪ್ರಶಾಂತನ ಕೈಯಲ್ಲಿದ್ದ ಮೊಬೈಲಿನಲ್ಲಿ, ಕೈತುಂಬ ಮದರಂಗಿ ಹಚ್ಚಿಕೊಂಡ ಶ್ರೀವಾಣಿ ವಿಡಿಯೋ ಕಾಲಿನಲ್ಲಿ ಅಳುತ್ತಿದ್ದಳು. ಮದರಂಗಿಯಿಂದಾಗಿ ಕಣ್ಣೊರೆಸಿಕೊಳ್ಳಲೂ ಆಗುತ್ತಿರಲಿಲ್ಲ. "ಅಪ್ಪಾ, ಸರಿಯಾಗಿ ಹಿಡಿ, ಆಕಾಶ ಕಾಣ್ತಾ ಇದೆ. ನನಗೆ ಕಾರನ್ನ ಕೊನೇ ಸಲ ತೋರಿಸು."

ಪ್ರಶಾಂತ ಮೊಬೈಲನ್ನು ಕಾರಿನ ಹತ್ತಿರ ಹಿಡಿದ.

ಕರಿಯಣ್ಣ ಟೋಪಿ ತೆಗೆದು, "ಸಾರ್, ಎರಡು ಮಾತು ಆಡೋದಿದ್ರೆ ಆಡಿ. ನೂಕಿದ ಮೇಲೆ ಯಾರೂ ಹತ್ತಿರ ಹೋಗಂಗಿಲ್ಲ" ಎಂದ.

ಮೇಷ್ಟ್ರು ಕಾರಿನ ಬೆನ್ನನ್ನು ಒಮ್ಮೆ ಸವರಿದರು. ಅದನ್ನು ನೋಡಲಾರದೆ ತಿಮ್ಮಪ್ಪ ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದು ಬಿಚ್ಚಿದ. "ಒಂದು ಕವಳ ಹಾಕಿ ಮೇಷ್ಟ್ರೆ. ಮನಸ್ಸು ಗಟ್ಟಿ ಆಗ್ತದೆ."

ಮೇಷ್ಟ್ರು ಎಂದಿನಂತೆ ಕಾರಿಗೆ ಒರಗಿದರು. ಎಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಎಲೆಯ ಬೆನ್ನಿಗೆ ಸವರುತ್ತಾ ಮಾತು ಶುರುಮಾಡಿದರು.

"ಬಂಧುಗಳೇ, ಈ ಕಾರು ನನಗೆ ಎಂದೂ ಮೋಸ ಮಾಡಲಿಲ್ಲ. ಮೋಸ ಮಾಡಿದ್ದು ತಯಾರಿಸಿದವರು." ಅಡಿಕೆ ಇಟ್ಟು ಎಲೆ ಮಡಚಿ ಬಾಯಿಗಿಟ್ಟರು. "ಈ ಬಿಳಿಯ ವಿಷ ಒಳಗಿಂದ ಹೇಗೆ ಬಂತು, ಯಾವ ದಾರಿಯಿಂದ ಬಂತು, ಇದನ್ನು ಇಲ್ಲಿಗೆ ತಂದ ಕೈ ಯಾರದು..."

ಹೀಗೆ ಹೇಳುತ್ತಿರುವಾಗ ಮೇಷ್ಟ್ರ ತೋರುಬೆರಳು ತಾನಾಗಿ ಹೊರಟಿತು. ಆ ಪುಟ್ಟ ಬಾಗಿಲಿನ ಮೇಲಂಚನ್ನು ಮುಟ್ಟಿತು. ಸಂದಿಯುದ್ದಕ್ಕೂ ನಯವಾಗಿ, ಗಾರೆ ಕೆಲಸದವನ ಅಚ್ಚುಕಟ್ಟಿನಿಂದ ಒಂದು ಸುತ್ತು ಬಂತು. ಶುಭ್ರವಾಗಿ ವಾಪಸು ಹೋಯಿತು.

ಏರಿಯ ಮೇಲಿದ್ದವರೆಲ್ಲ ಆ ಬೆರಳನ್ನೇ ನೋಡಿದರು. ಮೇಷ್ಟ್ರಿಗೆ ತಮ್ಮ ಭಾಷಣ ನಾಟಿತೆಂದು ತೋರಿತು. ಇನ್ನಷ್ಟು ಗಟ್ಟಿಯಾಗಿ, "ಆ ಕೈಯನ್ನು ನಾವು ಕ್ಷಮಿಸಬೇಕಾ?" ಎಂದರು.

ಮೊಬೈಲಿನಿಂದ ಶ್ರೀವಾಣಿ ಕಿರುಚಿದಳು. "ಮಾವಾ! ಈಗ ಎಂತ ಒರೆಸಿದ್ರಿ?"

"ನಾನಾ? ಏನೂ ಇಲ್ಲವಲ್ಲ ಕೂಸೆ."

"ಬೆರಳು ನೋಡ್ಕಳಿ ಮಾವ!"

ಮೇಷ್ಟ್ರು ಬೆರಳು ನೋಡಿಕೊಂಡರು. ಬಾಗಿಲ ಸಂದಿಯನ್ನು ನೋಡಿದರು. ಬಿಳಿ ಕಾರಿನ ಮೇಲೆ ಬಿಳಿ ಸುಣ್ಣ, ಅದೂ ಹಸಿಹಸಿ. ಜಗಿಯುವುದು ನಿಂತಿತು. ರಸಾಯನಶಾಸ್ತ್ರದ ಅಷ್ಟೂ ವರ್ಷಗಳು ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು.

ಸುಬ್ಬಲಕ್ಷ್ಮಿ ಜನರ ನಡುವಿನಿಂದ ನಿಧಾನವಾಗಿ ಮುಂದೆ ಬಂದರು. ದೀಪಾವಳಿಯಿಂದ ಈಚೆಗೆ ತಾವು ಗೆದ್ದ ಯುದ್ಧ ಯಾವುದೆಂದು ಅವರಿಗೂ ಆಗಲೇ ಅರ್ಥವಾಗಿದ್ದು.

"ಈ ಲೋಕದಲ್ಲಿ ಯಾವ ವಸ್ತುವೂ ನಾಶವಾಗುವುದಿಲ್ಲ" ಎಂದರು.

ಕರಿಯಣ್ಣ ಮತ್ತು ಗುಂಪಿನಲ್ಲಿದ್ದ ಹಳೆಯ ಶಿಷ್ಯರೆಲ್ಲ ಅಭ್ಯಾಸಬಲದಿಂದ ಒಕ್ಕೊರಲಿನಲ್ಲಿ ಮುಗಿಸಿದರು: "ಇಲ್ಲಿಲ್ಲ ಅಂದರೆ ಇನ್ನೆಲ್ಲೋ ಇದೆ ಅಂತ ಅರ್ಥ!"

"ಸಾರ್, ಹಂಗಾರೆ ಮುಳುಗಿಸೋದು ಬ್ಯಾಡ್ವಾ?" ಎಂದು ಕರಿಯಣ್ಣ ಕೊನೆಯ ಆಸೆಯಿಂದ ಕೇಳಿದ.

"ಕಾರು ಬ್ಯಾಡ" ಎಂದರು ಸುಬ್ಬಲಕ್ಷ್ಮಿ, ಗಂಡನನ್ನು ನೋಡುತ್ತಾ. "ಉಳಿದದ್ದು ಆಮೇಲೆ ಯೋಚನೆ ಮಾಡೋಣ."

ಅವರು ಕನ್ನಡಿಯಲ್ಲಿ ತೂಗುತ್ತಿದ್ದ ಒಂದು ನಿಂಬೆಹಣ್ಣು ಕಿತ್ತು, ತಿಮ್ಮಪ್ಪನ ಅಡಕತ್ತರಿಯಲ್ಲಿ ಕತ್ತರಿಸಿ, ಬಾಗಿಲ ಸುತ್ತ ಹಿಂಡಿ ಉಜ್ಜಿದರು. ಒಣಗಿ ಕಲ್ಲಾಗಿದ್ದ ಸುಣ್ಣ 'ಸುರ್' ಎಂದು ನೊರೆಯುಕ್ಕಿತು. "ಇಂಗಾಲದ ಡೈಆಕ್ಸೈಡ್" ಎಂದು ಮೇಷ್ಟ್ರ ಬಾಯಿಂದ ತಾನಾಗಿ ಬಂತು. ಹೆಂಡತಿ ತಿರುಗಿ ನೋಡಿದ ಮೇಲೆ ಮುಂದಿನ ಸಮೀಕರಣವನ್ನು ನುಂಗಿಕೊಂಡರು. ಹಳೆಯ ಸುಣ್ಣವೆಲ್ಲ ಕರಗಿದ ಮೇಲೆ, ಹಸಿಯದನ್ನು ಸೆರಗಿನಿಂದ ಒರೆಸಿ, ಸುಬ್ಬಲಕ್ಷ್ಮಿ ಒಂದು ಬೆರಳಿನಿಂದ ಒತ್ತಿದರು.

'ಗುರ್.'

ಬಾಗಿಲು ತೆರೆಯಿತು. ತಿಮ್ಮಪ್ಪ, "ನೋಡಿ, ದವಡೆ ಮೂಲೆ ಅಂತ ನಾನು ಆಗಲೇ ಹೇಳಿದ್ದೆ" ಎಂದ. ಗಿರಿಯಮ್ಮ, ಇದು ದೃಷ್ಟಿಯೇ, ಹೋಗಿದ್ದು ನಿಂಬೆಹಣ್ಣಿನಿಂದಲೇ ಎಂದು ಹೇಳಿದಳು. ಅವಳ ಮಾತನ್ನು ವೈಜ್ಞಾನಿಕವಾಗಿ ಖಂಡಿಸಲು ಮೇಷ್ಟ್ರಿಗೆ ಇವತ್ತಿಗೂ ಸಾಧ್ಯವಾಗಿಲ್ಲ.

ಕಾರನ್ನು ಮನೆಗೆ ಎಳೆದು ತಂದು ಪ್ಲಗ್ಗು ಚುಚ್ಚಿದರು. ಭಾನುವಾರ ನಸುಕಿಗೆ ಹೊಟ್ಟೆ ತುಂಬಿಕೊಂಡ ಕಾರು ಸದ್ದಿಲ್ಲದೆ ಬಸರೀಕಟ್ಟೆಗೆ ಹೋಗಿ ನಿಂತಿತು. ಶ್ರೀವಾಣಿ ಹಿಂದಿನ ಸೀಟಿನಲ್ಲಿ ಸೀರೆ ಹರಡಿಕೊಂಡು ಕೂತಳು. ಮುಖ ಮದುಮಗಳ ಬಣ್ಣದಲ್ಲೇ ಇತ್ತು.

ಪ್ರಶಾಂತನಿಗೆ ಮಾತ್ರ ಬಾಯಿ ಸುಮ್ಮನಿರಲಿಲ್ಲ. ಜೀಪಿಗೆ ಒರಗಿ ಕವಳ ಜಗಿಯುತ್ತಾ, "ಎಷ್ಟು ಓದಿದರೆ ಎಂತ ಬಂತು! ತನ್ನ ಸುಣ್ಣ ತನಗೆ ಗೊತ್ತಾಗಲಿಲ್ಲ" ಎಂದು ನೆಂಟರ ಮುಂದೆ ನಗುತ್ತಿದ್ದ.

ಸುಬ್ಬಲಕ್ಷ್ಮಿ ತಮ್ಮನನ್ನು ನೋಡಿದರು. ತಮ್ಮನ ಬೆರಳನ್ನು ನೋಡಿದರು. ಆಮೇಲೆ ಎಷ್ಟೋ ವರ್ಷದಿಂದ ತೆರೆಯದ ಜೀಪಿನ ಎಡಬಾಗಿಲನ್ನು ನೋಡಿದರು. ಕಾರಿನ ಕನ್ನಡಿಯಲ್ಲಿ ಇನ್ನೊಂದು ನಿಂಬೆಹಣ್ಣು ಉಳಿದಿತ್ತು.

"ಅಕ್ಕಾ, ಅದೆಲ್ಲ ಬ್ಯಾಡ ಮಾರಾಯ್ತಿ, ಜೀಪು ಹಂಗೇ ಇರ್ಲಿ..." ಎನ್ನುವಷ್ಟರಲ್ಲಿ ಬಾಗಿಲ ಸುತ್ತ ನೊರೆ ಉಕ್ಕಿತು. ಏನೋ ಬಿರಿದಂತೆ ಸದ್ದಾಯಿತು. ಎಡಬಾಗಿಲು ಅಗಲವಾಗಿ ತೆರೆದುಕೊಂಡು ತೂಗಿತು. ನೆಂಟರು ಚಪ್ಪಾಳೆ ತಟ್ಟಿದರು.

ಮುಚ್ಚಲು ನೋಡಿದರೆ ಮುಚ್ಚಲಿಲ್ಲ. ಅದರ ಚಿಲಕ ತುಕ್ಕು ತಿಂದು ಯಾವ ಕಾಲಕ್ಕೋ ಉದುರಿಹೋಗಿತ್ತು. ಇಷ್ಟು ವರ್ಷ ಬಾಗಿಲನ್ನು ಹಿಡಿದು ನಿಲ್ಲಿಸಿದ್ದು ಪ್ರಶಾಂತನ ಸುಣ್ಣ ಒಂದೇ.

ದಿಬ್ಬಣ ಹೊರಟಿತು. ಮುಂದೆ ಸದ್ದಿಲ್ಲದ ಕಾರು. ಹಿಂದೆ ಜೀಪು, ಪ್ರತಿ ಬಲತಿರುವಿಗೂ ರೆಕ್ಕೆ ಬಿಚ್ಚಿದ ಹಾಗೆ ಬಾಗಿಲು ತೆರೆದುಕೊಂಡು, ಪ್ರತಿ ಎಡತಿರುವಿಗೂ 'ಧಡ್' ಎಂದು ಬಡಿದುಕೊಳ್ಳುತ್ತಿತ್ತು. ಒಳಗೆ ಕೂತ ಪುರೋಹಿತರು ಗೇರಿನ ಕೋಲನ್ನೂ ದೇವರನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ಜೀಪು ಹಾರನ್ ಮಾಡಿತು. ಮೇಷ್ಟ್ರು ಕಾರು ನಿಲ್ಲಿಸಿದರು. ಪ್ರಶಾಂತ ಇಳಿದು ಬಂದು ಕಿಟಕಿಗೆ ಬಗ್ಗಿ, ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದ.

"ಭಾವ, ನಿಮ್ಮ ಹತ್ರ ಸ್ವಲ್ಪ ಸುಣ್ಣ ಇದೆಯಾ?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಸುಬ್ಬಲಕ್ಷ್ಮಿ ವ್ಯಾನಿಟಿ ಬ್ಯಾಗು ತೆರೆದು, ಹಿಂದಿನ ದಿನ ಕೆರೆ ಏರಿಯಿಂದ ಬಂದ ಕೂಡಲೇ ಗಂಡನಿಂದ ಕಸಿದಿಟ್ಟುಕೊಂಡಿದ್ದ ಸುಣ್ಣದ ಡಬ್ಬಿಯನ್ನು ತಮ್ಮನ ಕೈಗಿಟ್ಟರು.

"ತಗ, ಚೆನ್ನಾಗಿ ಒರೆಸು. ಒಣಗೋವರೆಗೆ ಪುರೋಹಿತರು ಹಿಡಕಂಡಿರಲಿ. ನಾವು ಕಾಯಲ್ಲ, ಮುಹೂರ್ತ ಮೀರ್ತದೆ."